ಮೊಲೆ ಬಿಟ್ಟ ಮರಿ, ಹಿಂಡಿಯ ಲೆಕ್ಕ

ಮಕ್ತಲ್‌ನಲ್ಲಿ ಶೇಂಗಾ ಹಿಂಡಿ ಅಂದರೆ ಎರಡು ಪದಾರ್ಥ. ಅಡಿಗೆಮನೆಯಲ್ಲಿ ಕೇಳಿದರೆ ಹುರಿದ ಶೇಂಗಾಕ್ಕೆ ಬಳ್ಳೊಳ್ಳಿ, ಒಣಖಾರ, ಉಪ್ಪು ಸೇರಿಸಿ ಕುಟ್ಟಿದ ಪುಡಿ ಜೋಳದ ರೊಟ್ಟಿಯ ಮಗ್ಗುಲಿಗೆ ಬೀಳುತ್ತದೆ. ಎಣ್ಣೆ ಮಿಲ್ಲಿನ ಬಾಗಿಲಲ್ಲಿ ಕೇಳಿದರೆ ಚೀಲದಿಂದ ಕಂದು ಬಣ್ಣದ ಚಕ್ಕೆ ತೆಗೆದು ತೂಗುತ್ತಾರೆ. ಕೈಯಲ್ಲಿ ಮುರಿದರೆ ಟಕ್ ಅನ್ನುತ್ತದೆ, ಮೂಗಿಗೆ ಹಿಡಿದರೆ ಹುರಿದ ಶೇಂಗಾದ ವಾಸನೆ, ನಾಲಗೆಗೆ ಇಟ್ಟರೆ ಮೊದಲು ಸಪ್ಪೆ, ಆಮೇಲೆ ಸಣ್ಣಗೆ ಸಿಹಿ. ನಾರಾಯಣಪೇಟೆಯಿಂದ ಗದ್ವಾಲ್‌ವರೆಗೆ ಕೃಷ್ಣೆಯ ಆಚೆ ಈಚೆ ಶೇಂಗಾ ಬೆಳೆಯುವ ಸೀಮೆ ಇದು. ಎಮ್ಮೆ ಕಟ್ಟಿದವರಿಗೆ ಈ ಚಕ್ಕೆ ಹೊಸದಲ್ಲ. ಇದನ್ನು ಪುಡಿ ಮಾಡಿ, ಆಗತಾನೆ ತಾಯಿಯಿಂದ ಬಿಡಿಸಿದ ಹಂದಿಮರಿಯ ಮುಂದೆ ಸುರಿದು, ಗೋಡೆಯ ಮೇಲೆ ಪ್ರೋಟೀನಿನ ಲೆಕ್ಕ ಬರೆಯುವುದು ಹೊಸದು.

ಊರಾಚೆ ಕೆರೆಯ ಏರಿ ಇಳಿದರೆ ಸಿಗುವ ಶೆಡ್ಡಿನಲ್ಲಿ ನಾನು ಆ ಗೋಡೆ ನೋಡಿದೆ. ಶೆಡ್ಡು ಎರುಕಲರ ಹುಡುಗನದು. ಡಿಗ್ರಿ ಮುಗಿಸಿ, ಕೆಲಸಕ್ಕೆ ಹೈದರಾಬಾದು ಸುತ್ತಿ, ತಿರುಗಿ ಬಂದು ಹಂದಿ ಕಟ್ಟಿದ್ದಾನೆ. ನಾಲ್ಕು ತಾಯಿಹಂದಿ, ನಾಲ್ಕೂ ಬಿಳಿ ಯಾರ್ಕ್‌ಶೈರ್ ಬೆರಕೆ. ಸೀಮೆಸುಣ್ಣದಲ್ಲಿ ಬರೆದಿದ್ದ: ಜೋಳ 60, ಹಿಂಡಿ 40, ಪ್ರೋಟೀನ್ 24.

“ಪುಸ್ತಕದಾಗ 20 ಇದ್ರ ಸಾಕು ಅಂತದ ಸಾರ್. ನಾ 24 ಹಾಕೀನಿ,” ಅಂದ. ಅವನ ಬೆನ್ನ ಹಿಂದೆ ಹದಿನೆಂಟು ಮರಿ ಒಂದು ಮೂಲೆಗೆ ಒತ್ತಿಕೊಂಡು ನಿಂತಿದ್ದವು. ಕೂದಲು ಒರಟಾಗಿ ಎದ್ದಿತ್ತು, ಬೆನ್ನುಮೂಳೆ ಎಣಿಸುವಂತಿತ್ತು, ಬಾಲದ ಬುಡವೆಲ್ಲ ಒದ್ದೆ. ತಾಯಿಯಿಂದ ಬಿಡಿಸಿ ಆರು ದಿನವಾಗಿತ್ತಂತೆ.

ಕಟ್ಟೆಯ ಮೇಲೆ ಕೂತಿದ್ದ ಅವನ ಅಜ್ಜಿ ಎಲೆಅಡಿಕೆ ಉಗುಳಿ ಬಂದು ನನ್ನ ಮುಂದೆಯೇ ದೂರು ಕೊಟ್ಟಳು. “ನೀವರೆ ಹೇಳ್ರಿ ಯಪ್ಪಾ. ಹಾಲ್ ಬಿಟ್ಟ ಮರೀಗಿ ಯಾರರೆ ಹಿಂಡಿ ಹಾಕ್ತಾರೇನು? ಮುಂದಿಂದ ತಿಂತಾವ, ಹಿಂದಿಂದ ಹೋಗ್ತದ.”

ಮೊಮ್ಮಗನ 24 ಕೂಡಿಸಿ ನೋಡಿದರೆ ಸರಿಯಾಗಿಯೇ ಇದೆ. ಅಜ್ಜಿಯ ಮಾತೂ ಸರಿಯಾಗಿದೆ. ಚೀಲದಲ್ಲಿ ಇರುವ ಪ್ರೋಟೀನು ಮರಿಯ ರಕ್ತಕ್ಕೆ ಇಳಿಯುವ ತನಕ ನಡುವೆ ಏನೇನು ಕಳೆದುಹೋಗುತ್ತದೆ ಅನ್ನುವುದನ್ನು ಗೋಡೆ ಹೇಳುವುದಿಲ್ಲ.

ಮೊದಲು ಈ ಗೋಡೆ ಎಲ್ಲಿಂದ ಬಂತು ನೋಡಬೇಕು. ತೆಲಂಗಾಣದ ಕಡೆ ಎರುಕಲರು, ಹೊಳೆ ದಾಟಿ ರಾಯಚೂರಿಗೆ ಬಂದರೆ ಕೊರಮರು, ಕೊರಚರು, ಹಂದಿಜೋಗಿಗಳು: ಈ ಸೀಮೆಯಲ್ಲಿ ಹಂದಿ ಸಾಕಿದವರು ಇವರು. ಹಂದಿಗೆ ಮೇವು ಹಾಕುವ ಪ್ರಶ್ನೆ ಅವರ ಹಿರಿಯರಿಗೆ ಅಷ್ಟಾಗಿ ಇರಲಿಲ್ಲ. ಹಂದಿ ತಾನೇ ತಿರುಗುತ್ತಿತ್ತು. ಶೇಂಗಾ ಕಿತ್ತ ಹೊಲದಲ್ಲಿ ಉಳಿದ ಕಾಯಿ, ಕೆರೆಯಂಚಿನ ಜೇಕಿನ ಗಡ್ಡೆ, ಎರೆಹುಳ, ಊರಿನ ಎಂಜಲು. ಮರಿಯೂ ತಾಯಿಯ ಹಿಂದೆ ತಿರುಗುತ್ತ, ಒಂದು ಬಾಯಿ ಮಣ್ಣು ಒಂದು ಬಾಯಿ ಹಾಲು ಎಂಬಂತೆ ಮೂರು ನಾಲ್ಕು ತಿಂಗಳಲ್ಲಿ ನಿಧಾನಕ್ಕೆ ಮೊಲೆ ಮರೆಯುತ್ತಿತ್ತು. ಪಟ್ಟಣದವರಿಗೆ ಬಿಡಾಡಿ ಹಂದಿ ಬೇಡವಾಯಿತು. ಮೆದುಳುಜ್ವರದ ವೈರಾಣು ಹಂದಿಯ ಮೈಯಲ್ಲಿ ಬೆಳೆದು ಸೊಳ್ಳೆಯಿಂದ ಮಕ್ಕಳಿಗೆ ಹರಡುತ್ತದೆ ಎಂಬ ಭಯಕ್ಕೆ ಕಾರಣವೂ ಇತ್ತು. ಹಂದಿ ಗೋಡೆಯೊಳಗೆ ಬಂತು. ಗೋಡೆಯೊಳಗೆ ಬಂದ ಮೇಲೆ ಅದರ ಹೊಟ್ಟೆಯ ಲೆಕ್ಕ ಮನುಷ್ಯನ ತಲೆಗೆ ಬಂತು. ಎಂಟು ವಾರಕ್ಕೆ ಮೊಲೆ ಬಿಡಿಸುವುದು ನಮ್ಮಲ್ಲಿ ಕಟ್ಟಿ ಸಾಕುವವರ ಹಳೆಯ ವಾಡಿಕೆ. ಬೇಗ ಬಿಡಿಸಿದಷ್ಟೂ ತಾಯಿ ಬೇಗ ಗಬ್ಬವಾಗುತ್ತದೆಂದು ದೊಡ್ಡ ಫಾರ್ಮುಗಳು ಮೂರು ನಾಲ್ಕು ವಾರಕ್ಕೆ ಇಳಿಸಿವೆ. ನಮ್ಮ ಹುಡುಗ ಬಿಡಿಸಿದ್ದು ಮೂವತ್ತನೇ ದಿನಕ್ಕೆ.

ಆ ಮೂವತ್ತು ದಿನ ಮರಿ ಹೇಗೆ ಉಂಡಿರುತ್ತದೆ ಗೊತ್ತೇ? ತಾಯಿಹಂದಿ ಆಕಳಿನ ಹಾಗಲ್ಲ. ಕೆಚ್ಚಲಲ್ಲಿ ಹಾಲು ತುಂಬಿ ನಿಂತಿರುವುದಿಲ್ಲ. ಗಂಟೆಗೊಮ್ಮೆ, ಕೆಲವೊಮ್ಮೆ ಅದಕ್ಕೂ ಮೊದಲು, ಮಗ್ಗುಲಾಗಿ ಮಲಗಿ ಗುರ್ ಗುರ್ ಎಂದು ಕರೆಯುತ್ತದೆ. ಮರಿಗಳು ಓಡಿ ಬಂದು ಮೂತಿಯಿಂದ ಕೆಚ್ಚಲು ತಿವಿಯುತ್ತವೆ. ಗುರುಗುಟ್ಟುವಿಕೆ ಜೋರಾಗಿ, ಜಲ್ದಿಯಾಗಿ, ಒಮ್ಮೆಗೇ ಹಾಲು ಇಳಿಯುತ್ತದೆ. ಇಳಿಯುವುದು ಹತ್ತಿಪ್ಪತ್ತು ಸೆಕೆಂಡು ಮಾತ್ರ. ಆಮೇಲೆ ಎಷ್ಟು ಎಳೆದರೂ ಇಲ್ಲ. ಹುಟ್ಟಿದ ಕೆಲವೇ ದಿನದಲ್ಲಿ ಒಂದೊಂದು ಮರಿಗೂ ಒಂದೊಂದು ಮೊಲೆ ಗೊತ್ತಾಗಿರುತ್ತದೆ. ಇನ್ನೊಂದರದಕ್ಕೆ ಬಾಯಿ ಹಾಕಿದರೆ ಜಗಳ. ಹೀಗೆ ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಸಲ, ಬೆಚ್ಚಗೆ, ಗುಟುಕು ಗುಟುಕಾಗಿ, ಕರೆದು ಉಣ್ಣಿಸಿದ ಹೊಟ್ಟೆ ಅದು.

ಆ ಹಾಲಿನ ಪ್ರೋಟೀನು ಹೊಟ್ಟೆಯಲ್ಲಿ ಮೊಸರಿನ ಹಾಗೆ ಗಟ್ಟಿಯಾಗಿ ನಿಂತು ಸ್ವಲ್ಪ ಸ್ವಲ್ಪವೇ ಕೆಳಗೆ ಇಳಿಯುತ್ತದೆ. ಹಾಲಿನ ಸಕ್ಕರೆಯನ್ನು ಒಳಗಿನ ಒಳ್ಳೆಯ ಸೂಕ್ಷ್ಮಾಣುಗಳು ಹುಳಿ ಮಾಡುತ್ತವೆ, ಆ ಹುಳಿಯೇ ಹೊಟ್ಟೆ ಕಾಯುತ್ತದೆ. ಹೀಗಾಗಿ ಮರಿಯ ಹೊಟ್ಟೆ ತನ್ನ ಸ್ವಂತ ಆಮ್ಲ ಸುರಿಸುವುದನ್ನು ಇನ್ನೂ ಸರಿಯಾಗಿ ಕಲಿತಿರುವುದಿಲ್ಲ. ಪ್ರೋಟೀನು ಮುರಿಯುವ ಮೊದಲ ಕಿಣ್ವ ಪೆಪ್ಸಿನ್. ಅದು ಚೆನ್ನಾಗಿ ಕೆಲಸ ಮಾಡುವುದು ಪಿಎಚ್ ಎರಡರಿಂದ ಮೂರೂವರೆಯ ಒಳಗೆ. ಹಾಲು ನಿಂತಿತು, ಹುಳಿಯೂ ನಿಂತಿತು. ಮೇಲಿನಿಂದ ಒಣ ಹಿಂಡಿ ಬಂತು. ಇನ್ನೊಂದು ತಾಪತ್ರಯವೆಂದರೆ ಪ್ರೋಟೀನೂ ದಾಣಿಗೆ ಬೆರೆಸುವ ಸುಣ್ಣದ ಪುಡಿಯೂ ಇದ್ದಷ್ಟು ಆಮ್ಲವನ್ನು ಹೀರಿಕೊಳ್ಳುತ್ತವೆ. 24 ಪರ್ಸೆಂಟಿನ ದಾಣಿ ತಾನು ಕರಗಲು ಬೇಕಾದ ಹುಳಿಯನ್ನು ತಾನೇ ಕುಡಿದು ಕೂತಿತು ಅನ್ನಿ.

ಹೊಟ್ಟೆ ದಾಟಿದರೆ ಸಣ್ಣಕರುಳು. ಅದರ ಒಳಮೈ ಮಖಮಲ್ಲಿನ ಬಟ್ಟೆಯ ಹಾಗೆ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ಒತ್ತೊತ್ತಾಗಿ ಎದ್ದು ನಿಂತಿರುತ್ತವೆ. ಒಡೆದ ಪ್ರೋಟೀನನ್ನು ಹೀರುವವು ಆ ಎಳೆಗಳೇ. ಮೊಲೆ ಬಿಟ್ಟ ಮರಿ ಮೊದಲ ದಿನ ಸರಿಯಾಗಿ ತಿನ್ನುವುದಿಲ್ಲ, ಕೆಲವಂತೂ ಎರಡು ದಿನ ಬಾಯಿಯೇ ಹಾಕುವುದಿಲ್ಲ. ಕರುಳಿನ ಒಳಮೈಗೆ ಊಟ ಬರುವುದು ರಕ್ತದಿಂದಷ್ಟೇ ಅಲ್ಲ, ಕರುಳಲ್ಲಿ ಹರಿಯುವ ಆಹಾರದಿಂದಲೂ. ಅದು ನಿಂತರೆ ಎಳೆ ಸವೆಯುತ್ತದೆ. 1980ರ ದಶಕದಲ್ಲಿ ಮೂರು ವಾರದ ಮರಿಗಳ ಕರುಳು ಅಳೆದು ನೋಡಿದವರಿಗೆ ಕಂಡದ್ದು, ಐದೇ ದಿನದಲ್ಲಿ ಆ ಎಳೆಗಳ ಎತ್ತರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಮಖಮಲ್ಲು ಹೋಗಿ ಗೋಣಿ ಆಗುವ ಆ ವಾರದಲ್ಲೇ ನಾವು ಅದರ ಮುಂದೆ ಅತಿ ಹೆಚ್ಚು ಪ್ರೋಟೀನು ಇಡುತ್ತೇವೆ. ಹೀರಲಾಗದೆ ಉಳಿದದ್ದು ದೊಡ್ಡಕರುಳಿಗೆ ಜಾರುತ್ತದೆ. ಅಲ್ಲಿ ಅದು ಕೊಳೆತು ಅಮೋನಿಯಾ ಆಗುತ್ತದೆ, ಇನ್ನೂ ಕೆಟ್ಟ ಹೆಸರಿನ ಅಮೀನುಗಳಾಗುತ್ತದೆ, ಇ. ಕೋಲೈ ಸೂಕ್ಷ್ಮಾಣುವಿಗೆ ಹಬ್ಬವಾಗುತ್ತದೆ. ಬಾಲದ ಬುಡ ಒದ್ದೆಯಾದದ್ದು ಹೀಗೆ.

ಇದು ಅರ್ಧ ಕತೆ. ಮರಿಯ ಕರುಳು ಗಟ್ಟಿಯಾಗಿದ್ದರೂ ಆ ಗೋಡೆಯ ಲೆಕ್ಕದಲ್ಲಿ ಇನ್ನೊಂದು ತೂತು ಇತ್ತು.

ಗದ್ವಾಲ್ ಸೀರೆ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಒಡಲು ಹತ್ತಿಯದು, ಅಂಚು ಸೆರಗು ರೇಷ್ಮೆಯದು. ನೇಯುವವನ ಮನೆಯಲ್ಲಿ ಹತ್ತಿ ನೂಲು ರಾಶಿ ಇದ್ದರೂ ಅಂಚಿನ ರೇಷ್ಮೆ ನಾಲ್ಕು ಗಜಕ್ಕೆ ತೀರಿದರೆ ಸೀರೆ ನಾಲ್ಕೇ ಗಜ. ಪ್ರೋಟೀನು ಅನ್ನುವುದು ಸುಮಾರು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳ ನೇಯ್ಗೆ. ಕೆಲವನ್ನು ಮೈ ತಾನೇ ಮಾಡಿಕೊಳ್ಳುತ್ತದೆ. ಲೈಸಿನ್, ಮೆಥಿಯೊನಿನ್, ಥ್ರಿಯೊನಿನ್, ಟ್ರಿಪ್ಟೊಫ್ಯಾನ್ ಮುಂತಾದವು ಊಟದಿಂದಲೇ ಬರಬೇಕು. ಬೆಳೆಯುವ ಹಂದಿಗೆ ಮೊದಲು ತೀರುವ ಅಂಚಿನ ನೂಲು ಲೈಸಿನ್.

ಈಗ ಕೂಡಿಸೋಣ. ಜೋಳದಲ್ಲಿ ಪ್ರೋಟೀನು ನೂರಕ್ಕೆ ಹತ್ತು. ಆ ಪ್ರೋಟೀನಿನ ನೂರು ಗ್ರಾಮಿನಲ್ಲಿ ಲೈಸಿನ್ ಎರಡು ಗ್ರಾಮಿನ ಆಸುಪಾಸು. ಶೇಂಗಾ ಹಿಂಡಿಯಲ್ಲಿ ಪ್ರೋಟೀನು ಸುಮಾರು 45. ಅದರ ನೂರು ಗ್ರಾಮಿಗೆ ಲೈಸಿನ್ ಸುಮಾರು ಮೂರೂವರೆ. ಅರವತ್ತು ಕಿಲೋ ಜೋಳದಿಂದ 6 ಕಿಲೋ ಪ್ರೋಟೀನು, ನಲವತ್ತು ಕಿಲೋ ಹಿಂಡಿಯಿಂದ 18. ಒಟ್ಟು 24, ಹುಡುಗನ ಮಾತು ನಿಜ. ಲೈಸಿನ್ ಎಷ್ಟು? ಜೋಳದ್ದು ನೂರಿಪ್ಪತ್ತು ಗ್ರಾಮು, ಹಿಂಡಿಯದು ಆರುನೂರ ಮೂವತ್ತು. ಒಟ್ಟಿನಲ್ಲಿ ನೂರು ಕಿಲೋ ದಾಣಿಯಲ್ಲಿ ಮುಕ್ಕಾಲು ಕಿಲೋ. ಅದರಲ್ಲೂ ಕರುಳು ಹೀರುವುದು ಹೆಚ್ಚೆಂದರೆ ಐದರಲ್ಲಿ ನಾಲ್ಕು ಪಾಲು. ಏಳರಿಂದ ಹನ್ನೊಂದು ಕಿಲೋ ತೂಗುವ ಮರಿಗೆ ನೂರು ಕಿಲೋ ದಾಣಿಯಲ್ಲಿ ಜೀರ್ಣವಾಗುವ ಲೈಸಿನ್ 1.35 ಕಿಲೋ ಇರಬೇಕೆಂದು ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2012ರಲ್ಲಿ ಹೇಳಿದೆ. ಅದು ಅಲ್ಲಿನ ಬೇಗ ಬೆಳೆಯುವ ತಳಿಗಳ ಮಾತು, ಮಕ್ತಲ್‌ನ ಬೆರಕೆ ಮರಿ ಇನ್ನೊಂದಿಷ್ಟು ಕಡಿಮೆಗೂ ನಡೆದೀತು. ಆದರೆ ಅರ್ಧಕ್ಕೂ ಕಡಿಮೆಯಾದರೆ ಹೇಗೆ?

ಉಳಿದ ಹತ್ತಿ ನೂಲು ಏನಾಗುತ್ತದೆ ಅನ್ನುವುದು ಶೆಡ್ಡಿನೊಳಗೆ ಕಾಲಿಟ್ಟವರ ಮೂಗಿಗೇ ಗೊತ್ತು. ಬಳಕೆಗೆ ಬಾರದ ಅಮೈನೋ ಆಮ್ಲವನ್ನು ಮೈ ಕೂಡಿಡಲಾರದು. ಯಕೃತ್ತು ಅದರ ಸಾರಜನಕವನ್ನು ಕಿತ್ತು ಯೂರಿಯಾ ಮಾಡಿ ಉಚ್ಚೆಗೆ ಕಳಿಸುತ್ತದೆ, ಅದು ನೆಲದ ಮೇಲೆ ಅಮೋನಿಯಾ ಆಗಿ ಕಣ್ಣು ಉರಿಸುತ್ತದೆ. ದುಡ್ಡು ಕೊಟ್ಟು ತಂದ ಹಿಂಡಿಯ ಒಂದು ಪಾಲು ಹೀಗೆ ಗಾಳಿಗೆ ಹೋಗುತ್ತಿತ್ತು.

ನಲವತ್ತು ಕಿಲೋ ಹಿಂಡಿಯಲ್ಲಿ ಇಪ್ಪತ್ತು ತೆಗೆದು ಇಪ್ಪತ್ತು ಕಿಲೋ ಸೋಯಾ ಹಿಂಡಿ ಹಾಕಿದರೆ ಪ್ರೋಟೀನು ಅದೇ 24 ಉಳಿಯುತ್ತದೆ, ಲೈಸಿನ್ ಮಾತ್ರ ಒಂದು ಕಿಲೋಕ್ಕೆ ಏರುತ್ತದೆ. ಸೋಯಾ ಏನೂ ದೂರದ್ದಲ್ಲ, ಬೀದರ್ ಸೀಮೆಯ ಬೆಳೆ. ಹಸಿ ಸೋಯಾಕಾಳು ಮಾತ್ರ ಮರಿಗೆ ಹಾಕಬಾರದು. ಕರುಳಿನಲ್ಲಿ ಪ್ರೋಟೀನು ಒಡೆಯುವ ಟ್ರಿಪ್ಸಿನ್ ಎಂಬ ಕಿಣ್ವದ ಕೈ ಕಟ್ಟುವ ಪದಾರ್ಥ ಅದರಲ್ಲಿದೆ. ಕಾಯಿಸಿದರೆ ಅದು ಸಾಯುತ್ತದೆ. ಎಣ್ಣೆ ತೆಗೆದು ಹಬೆಯಲ್ಲಿ ಬೇಯಿಸಿದ ಹಿಂಡಿಯಲ್ಲಿ ಅದರ ಕಾಟ ಅಷ್ಟಿಲ್ಲ. ಹೆಚ್ಚು ಕಾಯಿಸಿದರೂ ಕೆಡುಕು, ಲೈಸಿನ್ ಸಕ್ಕರೆಗೆ ಅಂಟಿಕೊಂಡು ಬಾರದ ಸಾಲವಾಗುತ್ತದೆ. ನನಗೆ ಬಹಳ ಸೋಜಿಗ ಎನಿಸಿದ್ದು, ಟ್ರಿಪ್ಸಿನ್ನಿನ ಕೈ ಕಟ್ಟುವ ಇಂಥದೇ ಪದಾರ್ಥ ತಾಯಿಹಂದಿಯ ಗಿಣ್ಣುಹಾಲಿನಲ್ಲೂ ಇದೆ. ರೋಗ ತಡೆಯುವ ಪ್ರೋಟೀನುಗಳು ಮರಿಯ ಕರುಳಲ್ಲಿ ಒಡೆಯದೆ ಇಡಿಯಾಗಿ ರಕ್ತಕ್ಕೆ ಸೇರಲಿ ಎಂದು. ಕರುಳಿನ ಆ ಬಾಗಿಲು ಒಂದು ಒಂದೂವರೆ ದಿನಕ್ಕೆ ಮುಚ್ಚುತ್ತದೆ. ಬೀಜ ತನ್ನನ್ನು ತಿನ್ನುವವರಿಂದ ಉಳಿಸಿಕೊಳ್ಳಲು ಇಟ್ಟುಕೊಂಡ ಬೀಗವನ್ನು ತಾಯಿ ಮರಿಯನ್ನು ಉಳಿಸಲು ಇಟ್ಟಿದ್ದಾಳೆ.

ಈ ಸೀಮೆಯ ಮಿಲ್ಲುಗಳಲ್ಲಿ ಹಿಂಡಿಗೆ ಬರವಿಲ್ಲ, ಒಂದೊಂದಕ್ಕೂ ಒಂದೊಂದು ಕೊಕ್ಕೆ. ಹತ್ತಿಕಾಳಿನ ಹಿಂಡಿ ಎಮ್ಮೆಗೆ ಹಾಕಿದರೆ ಹಾಲಿನ ಕೆನೆ ಏರುತ್ತದೆ. ಅದರಲ್ಲಿರುವ ಗಾಸಿಪಾಲ್ ಎಂಬ ಹಳದಿ ವಿಷವನ್ನು ದೊಡ್ಡ ಎಮ್ಮೆಯ ಮೆಲುಕು ಹೊಟ್ಟೆ ಹಿಡಿದು ಕಟ್ಟಿಹಾಕುತ್ತದೆ. ಹಂದಿಗೆ ಅಂಥ ಹೊಟ್ಟೆ ಇಲ್ಲ, ಅದರ ಹೃದಯ, ಯಕೃತ್ತು ಕೆಡುತ್ತವೆ. ಸಾಲದ್ದಕ್ಕೆ ಆ ವಿಷ ಲೈಸಿನ್ನನ್ನೇ ಹಿಡಿದುಕೊಳ್ಳುತ್ತದೆ. ಔಡಲ ಹಿಂಡಿ ಹೊಲದ ಗೊಬ್ಬರಕ್ಕೇ ಸರಿ. ಅದರಲ್ಲಿ ಉಳಿಯುವ ರೈಸಿನ್ ಬಹಳ ಕಡು ವಿಷ, ಚೀಲ ಅದಲುಬದಲಾದರೂ ಅನಾಹುತ. ಶೇಂಗಾ ಹಿಂಡಿಯ ಶತ್ರು ಹೊರಗಿನಿಂದ ಬರುತ್ತದೆ: ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕಿದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ, ಅದರಲ್ಲಿ ಬೆಳೆದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು. ಅದರ ಹೆಸರಿನಿಂದಲೇ ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದಾಯಿತು. ಕಾಯಿ ಬಲಿಯುವಾಗ ಮಳೆ ಕೈಕೊಟ್ಟು, ಕಿತ್ತ ಮೇಲೆ ಮಳೆ ಹೊಡೆಯುವುದು ನಮ್ಮಲ್ಲಿ ಅಪರೂಪವೇನಲ್ಲ. ಆ ಬೂಷ್ಟಿಗೆ ಬೇಕಾದದ್ದೂ ಅಂಥ ವರ್ಷವೇ. ಕುದಿಸಿದರೂ ಈ ವಿಷ ಪೂರ್ತಿ ಹೋಗುವುದಿಲ್ಲ, ಎಳೆಯ ಮರಿಗೆ ಎಲ್ಲರಿಗಿಂತ ಬೇಗ ತಟ್ಟುತ್ತದೆ.

ಇಷ್ಟೆಲ್ಲ ಹಂದಿಯ ಉಸಾಬರಿ ನಮಗೇಕೆ ಎನ್ನುವವರಿಗೆ ಒಂದು ಮಾತು. ಹಂದಿಯ ಕರುಳು ನಮ್ಮ ಕರುಳಿಗೆ ಬಹಳ ಹತ್ತಿರದ್ದು. ಯಾವ ಕಾಳಿನ ಎಷ್ಟು ಅಮೈನೋ ಆಮ್ಲ ನಿಜಕ್ಕೂ ಮೈಗೆ ಸೇರಿತು ಎಂದು ತಿಳಿಯಲು ಸಗಣಿ ಅಳೆದರೆ ಪ್ರಯೋಜನವಿಲ್ಲ. ದೊಡ್ಡಕರುಳಿನ ಸೂಕ್ಷ್ಮಾಣುಗಳು ನಡುವೆ ಕೈ ಹಾಕಿ ಲೆಕ್ಕ ಕೆಡಿಸಿರುತ್ತವೆ. ಅದಕ್ಕೆಂದು ಸಂಶೋಧಕರು ಹಂದಿಯ ಸಣ್ಣಕರುಳು ಮುಗಿಯುವ ಜಾಗಕ್ಕೆ ಇಂಗ್ಲಿಷಿನ ಟಿ ಆಕಾರದ ಸಣ್ಣ ನಳಿಗೆ ಕೂರಿಸಿ, ಅಲ್ಲಿಂದ ಬಂದದ್ದನ್ನು ಹಿಡಿದು ಅಳೆಯುತ್ತಾರೆ. 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಮನುಷ್ಯರ ಊಟದ ಪ್ರೋಟೀನು ಅಳೆಯಲೂ ಇದೇ ದಾರಿ ಹೇಳಿತು: ಮನುಷ್ಯರಲ್ಲಿ ಅಳೆಯಲಾಗದಿದ್ದರೆ ಬೆಳೆಯುವ ಹಂದಿಯಲ್ಲಿ ಅಳೆಯಿರಿ ಎಂದು. ನಮ್ಮ ರೊಟ್ಟಿ ಬ್ಯಾಳಿಗೆ ಅಂಕ ಕೊಡುವ ಪರೀಕ್ಷಕ ಹಂದಿಯೇ.

ಅಮೈನೋ ಆಮ್ಲದ ತಾಳ ತಪ್ಪಿದರೆ ಏನಾಗುತ್ತದೆಂಬ ವಿಚಾರ ಈ ದಖನ್ನಿನ ಜೋಳದಿಂದ ಮನುಷ್ಯರ ಊಟದಲ್ಲೂ ಎದ್ದಿತ್ತು. ಕತ್ತು, ಕೈಗಳ ಚರ್ಮ ಕಪ್ಪಾಗಿ ಸುಲಿಯುವ ಪೆಲಾಗ್ರ ಮೆಕ್ಕೆಜೋಳ ತಿನ್ನುವವರ ರೋಗ ಎಂದು ಜಗತ್ತು ತಿಳಿದಿತ್ತು. ಬರೀ ಜೋಳ ತಿನ್ನುವ ಬಡವರಲ್ಲೂ ಅದನ್ನು ಕಂಡ ಹೈದರಾಬಾದಿನ ನ್ಯೂಟ್ರಿಷನ್ ರಿಸರ್ಚ್ ಲ್ಯಾಬೊರೇಟರಿಯ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ಜೋಳದಲ್ಲಿ ಅತಿಯಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲದ ಕಡೆ ಬೆರಳು ತೋರಿಸಿದರು. ಅವರ ವಾದದ ಮೇಲೆ ಮುಂದೆ ಚರ್ಚೆ ಸಾಕಷ್ಟು ನಡೆಯಿತು. ಒಂದು ಕಡಿಮೆಯಾದರಷ್ಟೇ ಅಲ್ಲ, ಒಂದು ಹೆಚ್ಚಾದರೂ ನೇಯ್ಗೆ ಕೆಡಬಹುದು ಎಂಬ ಯೋಚನೆ ಮಾತ್ರ ಉಳಿಯಿತು. ರೊಟ್ಟಿಯ ಜೊತೆ ತೊಗರಿಬ್ಯಾಳಿ ಇಟ್ಟವರಿಗೆ ಲೈಸಿನ್ ಹೆಸರು ಗೊತ್ತಿರಲಿಲ್ಲ. ಜೋಳದಲ್ಲಿ ಕಡಿಮೆ ಬಿದ್ದದ್ದು ತೊಗರಿಯಲ್ಲಿ ಇದೆ. ಬೇಳೆ ಮಿಲ್ಲಿನ ತೊಗರಿ ನುಚ್ಚು ಬೇಯಿಸಿ ಹಾಕಿದರೆ ಮರಿಗೂ ಅದೇ ದಕ್ಕುತ್ತದೆ.

ಉಚ್ಚಿಕೊಳ್ಳುವ ಮರಿಗೆ ಔಷಧಿ ಅಂಗಡಿಯ ಪುಡಿ ಹಾಕುವುದು ಸುಲಭದ ದಾರಿ. ಜಗತ್ತೆಲ್ಲ ಅದೇ ದಾರಿ ಹಿಡಿದು ಈಗ ಹಿಂದೆ ತಿರುಗುತ್ತಿದೆ. ಯುರೋಪು ದಶಕಗಳಿಂದ ಮೊಲೆ ಬಿಟ್ಟ ಮರಿಗಳಿಗೆ ಸತುವಿನ ಆಕ್ಸೈಡನ್ನು ಔಷಧಿಯ ಪ್ರಮಾಣದಲ್ಲಿ ತಿನ್ನಿಸಿತು, ಭೇದಿ ನಿಂತಿತು, ಸತು ಮಣ್ಣಿಗೆ ಸೇರಿತು. 2022ರ ಜೂನ್‌ನಲ್ಲಿ ನಿಲ್ಲಿಸಿತು. ಇನ್ನೊಂದು ಔಷಧಿ ಕೊಲಿಸ್ಟಿನ್. ಆಸ್ಪತ್ರೆಯಲ್ಲಿ ಬೇರೆ ಯಾವುದೂ ನಾಟದಿದ್ದಾಗ ಮನುಷ್ಯರಿಗೆ ಕೊಡುವ ಕೊನೆಯ ಸಾಲಿನ ಮದ್ದು. ಅದನ್ನು ಕೋಳಿಗೆ, ಹಂದಿಗೆ ಚಮಚದಲ್ಲಿ ಹಾಕುತ್ತಿದ್ದೆವು. 2015ರಲ್ಲಿ ಚೀನಾದ ಹಂದಿಗಳ ಇ. ಕೋಲೈಯಲ್ಲಿ ಆ ಮದ್ದಿಗೆ ಜಗ್ಗದ, ಒಂದು ಸೂಕ್ಷ್ಮಾಣುವಿನಿಂದ ಇನ್ನೊಂದಕ್ಕೆ ದಾಟುವ ಜೀನು ಸಿಕ್ಕಿತು. 2019ರ ಜುಲೈನಲ್ಲಿ ಭಾರತ ಸರ್ಕಾರ ಆಹಾರಕ್ಕೆಂದು ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ನಿಷೇಧಿಸಿತು. ದಾಣಿಯ ತಪ್ಪನ್ನು ಮದ್ದಿನಿಂದ ಮುಚ್ಚಲು ಹೋದದ್ದರ ಬೆಲೆ ಇದು ಎಂದು ನನಗನ್ನಿಸುತ್ತದೆ. ಹಲವು ಕಡೆ ಪ್ರಯೋಗಗಳಲ್ಲಿ ಕಂಡ ಬೇರೆ ದಾರಿ ಎಂದರೆ, ಮೊದಲ ಎರಡು ವಾರ ಪ್ರೋಟೀನನ್ನು ಹದಿನೆಂಟರ ಸುಮಾರಿಗೆ ಇಳಿಸಿ, ಕಡಿಮೆ ಬಿದ್ದ ಅಮೈನೋ ಆಮ್ಲವನ್ನು ಪುಡಿಯಾಗಿ ಸೇರಿಸುವುದು. ಕೊಳೆಯಲು ಒಳಗೆ ಏನೂ ಹೆಚ್ಚು ಉಳಿಯುವುದಿಲ್ಲ. ಆ ಲೈಸಿನ್ ಪುಡಿಯನ್ನು ಮಾಡಿಕೊಡುವುದೂ ಒಂದು ಸೂಕ್ಷ್ಮಾಣುವೇ; 1950ರ ದಶಕದಲ್ಲಿ ಜಪಾನಿನವರು ಅದನ್ನು ಪಳಗಿಸಿದರು.

ನಾನು ಮತ್ತೆ ಆ ಶೆಡ್ಡಿಗೆ ಹೋಗುವಷ್ಟರಲ್ಲಿ ತಿಂಗಳು ಕಳೆದಿತ್ತು. ಇನ್ನೊಂದು ತಾಯಿಯ ಮರಿಗಳನ್ನು ಬಿಡಿಸಿದ್ದ. ಗೋಡೆಯ ಮೇಲೆ ಹೊಸ ಬರಹ: ಜೋಳ 75, ಸೋಯಾ ಹಿಂಡಿ 18, ಮೀನಪುಡಿ 5, ಖನಿಜ ಪುಡಿ 2, ಲೈಸಿನ್ 400 ಗ್ರಾಂ, ಪ್ರೋಟೀನ್ 18. ಪಶುವೈದ್ಯರೊಬ್ಬರ ಹತ್ತಿರ ಕೂತು ಮಾಡಿಸಿಕೊಂಡ ಲೆಕ್ಕವಂತೆ. ಕೂಡಿಸಿ ನೋಡಿದೆ. ಪ್ರೋಟೀನು ಹದಿನೆಂಟು ಚಿಲ್ಲರೆ, ಲೈಸಿನ್ ಸುಮಾರು 1.2. ಮೀನು ಜುರಾಲಾ ಅಣೆಕಟ್ಟಿನದು. ಅದರ ಬಳಿ ಮೀನು ಕರಿದು ಮಾರುವ ಅಂಗಡಿಗಳ ಸಾಲಿದೆಯಲ್ಲ, ಅಲ್ಲಿಂದ ತಲೆ, ಮುಳ್ಳು ತಂದು ಕುದಿಸಿ, ಒಣಗಿಸಿ ಕುಟ್ಟಿಸುತ್ತಾನೆ. ಉಪ್ಪು ಹಾಕಿದ ಒಣಮೀನು ಅಗ್ಗಕ್ಕೆ ಸಿಕ್ಕರೂ ಮುಟ್ಟುವುದಿಲ್ಲ. ಕುಡಿಯುವ ನೀರು ಒಂದು ಹೊತ್ತು ತಪ್ಪಿದರೆ ಉಪ್ಪೇ ಮರಿಯ ಮಿದುಳಿಗೆ ಏರುತ್ತದೆ.

ಅಜ್ಜಿಯ ಪಾಲಿನದೂ ಒಂದಿತ್ತು. ಜೋಳದ ಹಿಟ್ಟಿನ ಅಂಬಲಿ ಕಾಯಿಸಿ, ಮೊದಲ ದಿನದ ಗಡಿಗೆಯ ತಳದ ಹುಳಿ ಬೆರೆಸಿ, ರಾತ್ರಿಯೆಲ್ಲ ಮುಚ್ಚಿಡುತ್ತಾಳೆ. ಜೋಳದ ಪ್ರೋಟೀನಿಗೆ ಒಂದು ಹಟ ಇದೆ, ಬೇಯಿಸಿದರೆ ಬಿಗಿದುಕೊಂಡು ಕಿಣ್ವಕ್ಕೆ ಬಗ್ಗುವುದಿಲ್ಲ. ಹುಳಿ ಬಂದರೆ ಸಡಿಲಾಗುತ್ತದೆ. ಮರಿಯ ಹೊಟ್ಟೆಗೆ ಬೇಕಾದ, ಹಾಲಿನ ಜೊತೆ ನಿಂತುಹೋದ ಆ ಹುಳಿಯೂ ಗಡಿಗೆಯಿಂದಲೇ ಬರುತ್ತದೆ. ಡೆನ್ಮಾರ್ಕಿನ ದೊಡ್ಡ ಫಾರ್ಮುಗಳಲ್ಲಿ ತೊಟ್ಟಿಗಟ್ಟಲೆ ಹುಳಿ ಬರಿಸಿ ಪೈಪಿನಲ್ಲಿ ಹರಿಸುತ್ತಾರೆ. ಇಲ್ಲಿ ಅದು ಮುದುಕಿಯ ಸೊಂಟದ ಮೇಲೆ ಬರುತ್ತದೆ.

ಒಂದು ಕಡೆ ಮಾತ್ರ ಹುಡುಗ ಅಜ್ಜಿಯ ಕೈ ತಡೆಯುತ್ತಾನೆ. ಲೈಸಿನ್ ಪುಡಿಯನ್ನು ರಾತ್ರಿಯೇ ಗಡಿಗೆಗೆ ಹಾಕಿಟ್ಟರೆ ಹುಳಿಯ ಜೊತೆ ಬೆಳೆಯುವ ಸೂಕ್ಷ್ಮಾಣುಗಳು ಅದನ್ನು ಮುರಿದು ಕೆಟ್ಟ ವಾಸನೆಯ ಕೆಡಾವರಿನ್ ಮಾಡುತ್ತವೆ. ಡೇನಿಷರೂ ಮೊದಮೊದಲು ಈ ನಷ್ಟ ಉಂಡವರೇ. ಅದಕ್ಕೇ ಪುಡಿಯನ್ನು ಒಣ ದಾಣಿಗೆ ಬೆರೆಸಿ, ಉಣ್ಣಿಸುವ ಹೊತ್ತಿಗಷ್ಟೇ ಅಂಬಲಿಯಲ್ಲಿ ಕಲಸುತ್ತಾನೆ. ದಿನಕ್ಕೆ ಆರು ಸಲ, ಒಂದೊಂದು ತಟ್ಟೆ. ತಟ್ಟೆ ಇಡುವಾಗ ಅಜ್ಜಿ ಗಂಟಲಲ್ಲೇ ಗುರ್ ಗುರ್ ಅನ್ನುತ್ತಾಳೆ. ಮರಿಗಳು ಮೂಲೆಯಿಂದ ಎದ್ದು ಓಡಿ ಬರುತ್ತವೆ.

ಓದು ಬಾರದಿದ್ದರೂ ಆಕೆಗೆ ಅಂಕಿ ಗೊತ್ತು. ಗೋಡೆಯ ಕೊನೆಯ ಸಾಲಿಗೆ ಬೆರಳಿಟ್ಟು ಮೊಮ್ಮಗನನ್ನು ಕೇಳಿದಳು, “ಇಪ್ಪತ್ನಾಕು ಇತ್ತಲ್ಲೋ. ಹದಿನೆಂಟಕ್ಕ ಇಳಿಸಿದ್ಯೇನು?”

“ಹೂಂ ಅವ್ವಾ, ಇಳಿಸೀನಿ.”

“ಮತ್ತ ಮರಿ ಏರ್ಯಾವಲ್ಲ,” ಅಂದು ಖಾಲಿ ಗಡಿಗೆ ಎತ್ತಿಕೊಂಡು ಹೋದಳು.